ಅಕ್ಕನ ಮುಂಬೈ, ನಾದಿನಿಯ ಬೆಂಗಳೂರು

ಕೊಟ್ಟೂರಿಗೆ ಸೊಸೆಯಾಗಿ ಬಂದ ಮೊದಲ ಯುಗಾದಿಯಂದೇ ನನ್ನ ಗಂಡನ ಅಕ್ಕ ಮತ್ತು ತಂಗಿ ಅಡುಗೆಮನೆಯಲ್ಲಿ ಜಗಳಕ್ಕೆ ನಿಂತಿದ್ದನ್ನು ಕಂಡೆ. ಒಡವೆಗಲ್ಲ, ಸೀರೆಗಲ್ಲ, ಯಾರು ಇರುವ ಊರು ಬಾಳುವುದಕ್ಕೆ ಚೆಂದ ಎಂಬುದಕ್ಕೆ. ದೊಡ್ಡವಳು ಮದುವೆಯಾಗಿ ಮುಂಬೈ ಸೇರಿದ್ದಳು. ಅವಳ ಗಂಡ ಅಲ್ಲಿನ ಬಂದರಿನಲ್ಲಿ ಕೆಲಸಕ್ಕಿದ್ದರು. ಅವಳನ್ನು ನಾನೂ ಅಕ್ಕ ಎಂದೇ ಕರೆಯುತ್ತಿದ್ದೆ. ಚಿಕ್ಕವಳು, ನನ್ನ ನಾದಿನಿ, ಬೆಂಗಳೂರಿನವಳಾಗಿದ್ದಳು. ಅವಳ ಗಂಡ ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಕೆಲಸ ಮಾಡುತ್ತಿದ್ದರು.

"ನಮ್ಮ ಬೊಂಬಾಯಿದಾಗ ಸಮುದ್ರ ಐತಿ. ಒಂದ ಸಲ ನೋಡಿದ್ರ ನಿಮ್ಮ ಕೆರಿ ಕುಂಟಿ ಯಾವೂ ನೆನಪಾಗಂಗಿಲ್ಲ" ಎಂದಳು ಅಕ್ಕ.

"ಸಮುದ್ರದ ನೀರು ಕುಡಿಯಾಕ ಬರ್ತೈತೇನಕ್ಕಾ? ನಮ್ಮ ಬೆಂಗಳೂರಾಗ ಬ್ಯಾಸಿಗ್ಯಾಗೂ ಫ್ಯಾನಿಲ್ಲದ ಮಲಗ್ತೀವಿ. ಬೆವರು ಒರಿಸಿಕೊಳ್ಳೂದ್ರಾಗ ನಿನ್ನ ಅರ್ಧ ಆಯುಷ್ಯ ಹೋತು" ಎಂದಳು ನಾದಿನಿ.

ಹೂರಣ ರುಬ್ಬುತ್ತಿದ್ದ ಅತ್ತೆ ತಲೆ ಎತ್ತದೆ ಹೇಳಿದರು: "ಅಷ್ಟ ಚೆಂದ ಇದ್ರ ಇಬ್ರೂ ಇಲ್ಲಿಗ್ಯಾಕ ಬಂದೀರಿ? ಮೊದ್ಲ ಹೋಳಿಗಿ ತಟ್ರಿ."

ನನ್ನ ತವರು ಇಟ್ಟಿಗಿ ಎಂಬ ಹಳ್ಳಿ. ಅಲ್ಲಿ ನಮ್ಮ ಪಾಲಿಗೆ ದೊಡ್ಡ ಊರುಗಳ ವಾದವೆಂದರೆ ಹಡಗಲಿ ಮೇಲೋ ಹರಪನಹಳ್ಳಿ ಮೇಲೋ ಎನ್ನುವುದಷ್ಟೆ. ನನ್ನ ಗಂಡನಿಗೆ ಕೊಟ್ಟೂರಿನಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತಿ ರಿಪೇರಿ ಮಾಡುವ ಸಣ್ಣ ಅಂಗಡಿ ಇತ್ತು. ತಾಮ್ರದ ತಂತಿ ತರಲು ಅವರು ದಾವಣಗೆರೆಗೆ ಹೋಗಿ ಬರುತ್ತಿದ್ದರು, ಅದಕ್ಕಿಂತ ದೊಡ್ಡ ಊರು ಬೇಕೆಂದು ಅವರಿಗೆ ಒಮ್ಮೆಯೂ ಅನಿಸಿರಲಿಲ್ಲ. ಹಾಗಾಗಿ ಅಕ್ಕ-ತಂಗಿಯರ ವಾದವನ್ನು ನಾನು ರೇಡಿಯೊ ನಾಟಕ ಕೇಳಿದಂತೆ ಕೇಳುತ್ತಿದ್ದೆ. ಆ ಎರಡು ಊರುಗಳಲ್ಲೂ ನಾನೇ ತಿಂಗಳುಗಟ್ಟಲೆ ಇರಬೇಕಾಗುತ್ತದೆ ಎಂದು ಆಗ ಯಾರಾದರೂ ಹೇಳಿದ್ದರೆ ನಗುತ್ತಿದ್ದೆ.

ತೊಂಬತ್ತರ ದಶಕದ ನಡುವಿನಲ್ಲಿ ಮಗಳು ಹುಟ್ಟಿದಳು. ಹಗರಿಬೊಮ್ಮನಹಳ್ಳಿಯ ಆಸ್ಪತ್ರೆಯಲ್ಲಿ ಹೆರಿಗೆ. ನರ್ಸಮ್ಮ ಮಗುವನ್ನು ಒರೆಸಿ ನನ್ನ ಪಕ್ಕಕ್ಕೆ ಮಲಗಿಸಿ, ಅರಿವೆ ಸರಿಸಿ ಬಲಗಾಲು ತೋರಿಸಿದರು. ಪಾದ ಒಳಕ್ಕೆ ಮಡಚಿಕೊಂಡಿತ್ತು. ಅಂಗಾಲು ನೆಲದ ಕಡೆಗಲ್ಲ, ಇನ್ನೊಂದು ಕಾಲಿನ ಕಡೆಗೆ ನೋಡುತ್ತಿತ್ತು. "ಅಳಬ್ಯಾಡ್ರಿ. ಇದು ಸರಿ ಆಗ್ತೈತಿ. ಪಟ್ಟಿ ಹಾಕ್ಸಬೇಕು, ತಾಳ್ಮಿ ಬೇಕು" ಎಂದರು. ನೋಡಲು ಬಂದವರಲ್ಲಿ ಒಬ್ಬಾಕೆ ಗ್ರಹಣದ ಮಾತು ತೆಗೆದಾಗ ಅತ್ತೆ ಕಡ್ಡಿ ಮುರಿದಂತೆ ಹೇಳಿಬಿಟ್ಟರು: "ಗ್ರಹಣ ಸೂರ್ಯಗ ಹಿಡಿತೈತಿ, ನನ್ನ ಮೊಮ್ಮಗಳಿಗಲ್ಲ. ಚಾ ಕುಡಿದು ಏಳವಾ." ಆ ಮಾತಿಗೆ ನಾನು ಇಂದಿಗೂ ಋಣಿ.

ಬಳ್ಳಾರಿಯಲ್ಲಿ ಮೊದಲ ಪ್ಲಾಸ್ಟರು ಹಾಕಿಸಿದೆವು. ಅಲ್ಲಿನ ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದರು: ವಾರ ವಾರವೂ ಪ್ಲಾಸ್ಟರು ಬಿಚ್ಚಿ, ಪಾದವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಮತ್ತೆ ಹಾಕಬೇಕು. ಕೊನೆಗೆ ಹಿಮ್ಮಡಿಯ ಹಿಂದೆ ಸಣ್ಣ ಆಪರೇಷನ್ ಬೇಕಾಗಬಹುದು. ಮಕ್ಕಳ ಮೂಳೆ ಡಾಕ್ಟರು ಇರುವ ಕಡೆ, ನಿಮ್ಮವರು ಯಾರಾದರೂ ಇರುವ ಕಡೆ ಹೋಗಿ ಕೆಲವು ತಿಂಗಳು ಇದ್ದುಬಿಡಿ.

ಆ ಹೊತ್ತಿಗೆ ತೊಟ್ಟಿಲಿಗೆಂದು ಅಕ್ಕ, ನಾದಿನಿ ಇಬ್ಬರೂ ಊರಿಗೆ ಬಂದಿದ್ದರು. ಅಕ್ಕ ಮಗುವನ್ನು ಎತ್ತಿಕೊಂಡು, "ಇಕೀನ್ನ ನಾ ಕರ್ಕೊಂಡು ಹೊಕ್ಕೀನಿ" ಎಂದಳು.

"ಎರಡು ದಿನ ರೈಲಿನ್ಯಾಗ ಕೂಸಿನ್ನ ಅಲ್ಲಾಡಿಸಿಕೋತ ಯಾಕ? ಕೂಡ್ಲಿಗಿ ದಾಟಿದ್ರ ಚಿತ್ರದುರ್ಗ, ಬೆಳಗಾದ್ರ ಬೆಂಗಳೂರು. ನನ್ನ ಮನಿಗೆ ಬರ್ರಿ ಅತ್ತಿಗಿ" ಎಂದಳು ನಾದಿನಿ.

ಮಗುವಿನ ಕಾಲಿನ ಮಾತು ಹೋಗಿ ಮತ್ತೆ ಊರುಗಳ ಜಗಳವೇ ಶುರುವಾಯಿತು. ಅತ್ತೆ ತೀರ್ಮಾನ ಕೊಟ್ಟರು. ಅಕ್ಕನ ನೆರೆಯವಳೊಬ್ಬಳು ಅಲ್ಲಿನ ಮಕ್ಕಳ ಆಸ್ಪತ್ರೆಯಲ್ಲಿ ಆಯಾ ಆಗಿದ್ದಳು. ಮೊದಲು ಅಲ್ಲಿಗೇ ಎಂದಾಯಿತು. ನಾದಿನಿ ಮುಖ ಊದಿಸಿಕೊಂಡೇ ನನ್ನ ಚೀಲಕ್ಕೆ ಚಟ್ನಿಪುಡಿ ತುಂಬಿಕೊಟ್ಟಳು.

ಗುಂತಕಲ್ಲಿನಿಂದ ರೈಲು ಹಿಡಿದು ಮುಂಬೈ ಮುಟ್ಟಿದೆವು. ಅಕ್ಕನ ಮನೆ ಎಂದರೆ ಒಂದು ಕೋಣೆ. ಉದ್ದನೆಯ ಗ್ಯಾಲರಿ, ಅದಕ್ಕೆ ಸಾಲಾಗಿ ಬಾಗಿಲುಗಳು, ಕೊನೆಯಲ್ಲಿ ಎಲ್ಲರಿಗೂ ಸೇರಿದ ನಲ್ಲಿ. ಆ ಕೋಣೆಯಲ್ಲಿ ಅಕ್ಕ, ಭಾವ, ಅವರ ಇಬ್ಬರು ಮಕ್ಕಳು. ಅವರ ಜೊತೆಗೆ ನಾನು, ನನ್ನ ಕೂಸು. ಊರಿನಲ್ಲಿ ಅಕ್ಕ ಬಣ್ಣಿಸುತ್ತಿದ್ದ ಮುಂಬೈಯಲ್ಲಿ ಈ ಕೋಣೆ ಇರಲೇ ಇಲ್ಲ. ಕಾಲು ಎಲ್ಲಿಡಬೇಕೆಂದು ತಿಳಿಯದೆ ಬಾಗಿಲಲ್ಲೇ ನಿಂತೆ.

"ಬಾರವಾ, ನಿಂತ್ರ ಕೋಣಿ ಸಣ್ಣದು, ಕುಂತ್ರ ದೊಡ್ಡದು" ಎಂದು ಭಾವ ನಕ್ಕು, ನನ್ನ ಗಂಟನ್ನು ಇಸಿದುಕೊಂಡರು. ಆ ಸಂಜೆಯೇ ಬುತ್ತಿ ಹಿಡಿದು ಹೊರಟರು. ಅವರಿಗೆ ನೈಟ್ ಶಿಫ್ಟ್ ಬಿದ್ದಿದೆಯಂತೆ.

ಆಸ್ಪತ್ರೆಗೆ ಲೋಕಲ್ ರೈಲಿನಲ್ಲಿ ಹೋಗಬೇಕಿತ್ತು. ಮೊದಲ ದಿನ ಹೆಂಗಸರ ಡಬ್ಬಿಗೆ ಅಕ್ಕ ನನ್ನನ್ನು ತಳ್ಳಿಕೊಂಡೇ ಹತ್ತಿದಳು. ಒಳಗೆ ಉಸಿರಾಡಲು ಜಾಗವಿಲ್ಲ. ಯಾರೋ "ಮುಲಗಿ ದ್ಯಾ, ಮುಲಗಿ ದ್ಯಾ" ಎಂದು ಕೂಗಿದರು. ನನಗೆ ಅರ್ಥವಾಗುವ ಮೊದಲೇ ನನ್ನ ಕೂಸು ನನ್ನ ಕೈಯಲ್ಲಿರಲಿಲ್ಲ! ಪ್ಲಾಸ್ಟರಿನ ಕಾಲು ಹೆಂಗಸರ ತಲೆಗಳ ಮೇಲೆ ತೇಲುತ್ತಾ ಹೋಗುವುದು ಕಂಡಿತು. ನಾನು ಕಿರುಚಿಬಿಟ್ಟೆ. "ಸುಮ್ನಿರು, ಕೂಸಿನ್ನ ಕೊಡ್ರಿ ಅಂದ್ರು. ಕಿಡಕಿ ಕಡೆ ಗಾಳಿ ಬರೂವಲ್ಲಿ ಮಲಗಿಸ್ಯಾರ" ಎಂದಳು ಅಕ್ಕ. ನಾನು ಕಂಬಿ ಹಿಡಿದು ಆ ಕಿಟಕಿಯ ಕಡೆಗೇ ನೋಡುತ್ತಾ ನಿಂತೆ. ಇಳಿಯುವ ಸ್ಟೇಷನ್ ಬಂದಾಗ ಮಗಳು ಅದೇ ದಾರಿಯಲ್ಲಿ, ಕೈಯಿಂದ ಕೈಗೆ ದಾಟಿ ನನ್ನ ಎದೆಗೆ ಬಂದಳು. ಸುತ್ತಿದ ಅರಿವೆಯ ಮಡಿಕೆಯಲ್ಲಿ ಒಂದು ಬಿಸ್ಕತ್ತಿನ ಪೊಟ್ಟಣ. ಕೊಟ್ಟವರು ಯಾರೆಂದು ತಿರುಗಿ ನೋಡುವಷ್ಟರಲ್ಲಿ ರೈಲು ಹೊರಟಿತ್ತು.

ನಮ್ಮದು ಲಿಂಗ ಕಟ್ಟಿದವರ ಮನೆತನ, ಮೀನಿನ ವಾಸನೆ ಕಂಡವರಲ್ಲ. ಅಕ್ಕನ ಪಕ್ಕದ ಕೋಣೆಯಾಕೆ ಮೀನು ಮಾರುವವಳು. ಆಕೆ ಮಧ್ಯಾಹ್ನ ಬುಟ್ಟಿ ಇಳಿಸಿದವಳೇ ಸೋಪು ಹಚ್ಚಿ, ನಿಂಬೆಹಣ್ಣು ಉಜ್ಜಿ ಕೈ ತೊಳೆದು, ಮೂಗಿಗೆ ಹಿಡಿದು ತಾನೇ ನೋಡಿಕೊಂಡು, ಆಮೇಲೆ ನನ್ನ ಮಗಳನ್ನು ಎತ್ತಿಕೊಳ್ಳುತ್ತಿದ್ದಳು. ಹಾಗೆ ಮಾಡಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ನನಗೆ ಮರಾಠಿ ಬಾರದು, ಅವಳಿಗೆ ಕನ್ನಡ ಬಾರದು. ಮಗುವನ್ನು ನಡುವೆ ಮಲಗಿಸಿಕೊಂಡು ನಾವಿಬ್ಬರೂ ಗ್ಯಾಲರಿಯಲ್ಲಿ ಕುಳಿತಿರುತ್ತಿದ್ದೆವು. ಕೊಟ್ಟೂರು ಎಲ್ಲಿದೆಯೆಂದು ಅಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ, ಆದರೂ ಕೆಲವೇ ದಿನಗಳಲ್ಲಿ ಆ ಸಾಲಿಗೆಲ್ಲ ನಾನು 'ಕೊಟ್ಟೂರವಾಲಿ' ಆದೆ.

ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಆಸ್ಪತ್ರೆಯ ಆಯಾ ಸಿಕ್ಕಳು. ಕಾರವಾರದ ಕಡೆಯವಳು, ಕನ್ನಡ ಬರುತ್ತಿತ್ತು. "ನಿಮ್ಮ ಭಾವನವರಿಗೆ ಹೇಳಿ, ಗೋದಾಮಿನ ಜಗಲಿ ಮೇಲೆ ಮಲಗಿ ಬೆನ್ನುನೋವು ಮಾಡ್ಕೋಬೇಡಿ ಅಂತ. ನಮ್ಮ ಯಜಮಾನರೂ ನೋಡಿ ಬಂದು ಹೇಳಿದ್ರು" ಎಂದಳು.

"ಅವ್ರಿಗೆ ನೈಟ್ ಶಿಫ್ಟ್ ಅಲ್ಲೇನ್ರಿ?"

"ಎಲ್ಲಿಯ ನೈಟ್ ಶಿಫ್ಟ್? ಅವರದು ಹಗಲು ಕೆಲಸ."

ನಾನು ಕೊಡ ಅಲ್ಲೇ ಬಿಟ್ಟು ಓಡಿಬಂದು ಅಕ್ಕನನ್ನು ಕೇಳಿದೆ. ರೊಟ್ಟಿ ಬಡಿಯುತ್ತಿದ್ದ ಅಕ್ಕ ಕೈ ನಿಲ್ಲಿಸಿದಳು. "ನೀ ಮೈ ಚಾಚಿ ಮಲಗಲಿ ಅಂತ ಹಂಗ ಮಾಡ್ಯಾರ. ನಿನಗ ಗೊತ್ತಾಗೇತಿ ಅಂತ ಅವ್ರಿಗೆ ತೋರಿಸಬ್ಯಾಡ. ನಾಚಿಕೊಂತಾರ" ಎಂದಳು.

ತೋರಿಸಲಿಲ್ಲ. ಆದರೆ ಅವತ್ತಿನಿಂದ ಸಂಜೆ ಅವರು ಹೊರಡುವಾಗ ಬುತ್ತಿಯ ಜೊತೆ ದಪ್ಪನೆಯದೊಂದು ಕೌದಿಯನ್ನೂ ಮಡಿಸಿಕೊಟ್ಟೆ. "ರಾತ್ರಿ ಚಳಿ ಇರ್ತೈತ್ರಿ ಭಾವಾರ, ನೈಟ್ ಶಿಫ್ಟ್ ಭಾಳ ಆತು ನಿಮಗ" ಎಂದೆ. ಮುಂಬೈಯ ಆ ಸೆಕೆಯಲ್ಲಿ ಚಳಿ! ಅವರು ನನ್ನ ಮುಖ ನೋಡಿದರು, ಕೌದಿ ನೋಡಿದರು. "ಏನ್ ಮಾಡೂದವಾ, ಸಾಹೇಬ್ರು ಕೇಳಂಗಿಲ್ಲ" ಎಂದು ಅದನ್ನು ಬಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದರು.

ಒಂದು ಭಾನುವಾರ ಅಕ್ಕ ನನಗೆ ಸಮುದ್ರ ತೋರಿಸಿದಳು. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅಷ್ಟು ನೀರು ಒಂದೇ ಕಡೆ ಇರಬಹುದೆಂದು ನಾನು ನೆನೆಸಿರಲಿಲ್ಲ. ಬಾಯಿ ತೆರೆದು ನೋಡುತ್ತಿದ್ದಾಗ ಪಕ್ಕದಲ್ಲಿ ಅಕ್ಕ ಮೆಲ್ಲಗೆ ಅಂದಳು:

"ತಂಗಿಗೆ ಬಾಗ್ಲಾ ಹಾಕ್ಕೊಳ್ಳಾಕ ಒಂದು ಮನಿ ಐತಿ ನೋಡು. ಒಳಗ ಒಂದು ಕೋಣಿ, ಅಡಿಗಿಗೆ ಬ್ಯಾರೆ. ನಾನು ಸೀರಿ ಬದಲಾಯಿಸಬೇಕಂದ್ರ ಇವತ್ತಿಗೂ ಗಂಡ ಮಕ್ಕಳನ್ನ ಗ್ಯಾಲರಿಗೆ ಕಳಸ್ತೀನಿ. ಬೆಂಗಳೂರೇ ಛಲೋ ಅನಸ್ತೈತಿ ಒಮ್ಮೊಮ್ಮಿ." ಮರುಕ್ಷಣವೇ ನನ್ನ ಕೈ ಹಿಡಿದಳು. "ಆಕಿ ಮುಂದ ಹೇಳಬ್ಯಾಡ ಮತ್ತ!"

ಮಳೆಗಾಲ ಶುರುವಾಯಿತು. ನಮ್ಮ ಕಡೆ ಮಳೆ ಬಂದರೆ ಅಂಗಳಕ್ಕಿಳಿದು ಮುಖ ಒಡ್ಡುವವರು ನಾವು. ಅಲ್ಲಿನ ಮಳೆ ಒಡ್ಡಿಸಿಕೊಳ್ಳುವಂಥದ್ದಲ್ಲ. ಗೋಡೆ ಜಿನುಗಿತು, ನೆಲ ಜಿನುಗಿತು. ಪ್ಲಾಸ್ಟಿಕ್ ಸುತ್ತಿದರೂ ಮಗುವಿನ ಪ್ಲಾಸ್ಟರು ತೇವ ಹಿಡಿದು ಮೆತ್ತಗಾಗುತ್ತಿತ್ತು, ಒಳಗೆ ಚರ್ಮ ಕೆಂಪಾಗಿ ಗುಳ್ಳೆ ಎದ್ದಿತು. ಅಷ್ಟರಲ್ಲಿ ಪಾದ ಅರ್ಧಕ್ಕಿಂತ ಹೆಚ್ಚು ನೇರಕ್ಕೆ ಬಂದಿತ್ತು. ಅದು ಮತ್ತೆ ತಿರುಗಿಕೊಂಡರೆ ಎಂದು ಡಾಕ್ಟರಮ್ಮನಿಗೆ ಚಿಂತೆ. ಒಣಹವೆ ಇರುವ ಊರಿನಲ್ಲಿ ನಿಮ್ಮವರು ಯಾರಾದರೂ ಇದ್ದಾರಾ, ಬೆಂಗಳೂರಿನಲ್ಲಾದರೆ ನನ್ನ ಜೊತೆ ಓದಿದ ಡಾಕ್ಟರೊಬ್ಬರಿದ್ದಾರೆ ಎಂದು ಹಿಂದಿಯಲ್ಲಿ ಕೇಳಿದರು.

ಅಕ್ಕ ಮಗುವಿನ ತೇವ ಹಿಡಿದ ಪ್ಲಾಸ್ಟರನ್ನು ಒಮ್ಮೆ ಮುಟ್ಟಿ ನೋಡಿದಳು. ಆಮೇಲೆ, "ಮೇರಿ ಬೆಹನ್ ಹೈ" ಎಂದಳು. ಅವಳ ದನಿಯಲ್ಲಿ ಸೋತವಳ ಬೇಸರವೂ ಇತ್ತು, ನನಗೂ ಒಬ್ಬ ತಂಗಿ ಇದ್ದಾಳೆ ಎನ್ನುವ ಹೆಮ್ಮೆಯೂ ಇತ್ತು.

ಹೊರಡುವ ದಿನ ಗ್ಯಾಲರಿಯ ಸಾಲಿಗೆ ಸಾಲೇ ಬಾಗಿಲಿಗೆ ಬಂದಿತ್ತು. ಮೀನಿನಾಕೆ ಮಗಳ ಪ್ಲಾಸ್ಟರಿಲ್ಲದ ಕಾಲಿಗೆ ಕರಿಮಣಿಯ ದಾರ ಕಟ್ಟಿದಳು. ಅವತ್ತೂ ಅವಳ ಕೈಯಿಂದ ನಿಂಬೆಹಣ್ಣಿನ ವಾಸನೆಯೇ ಬರುತ್ತಿತ್ತು.

ಬೆಂಗಳೂರಿನಲ್ಲಿ ಬಸ್ಸಿಳಿದಾಗ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. "ನೋಡ್ರಿ ಅತ್ತಿಗಿ, ನಾ ಹೇಳಿದ್ದು ಖರೆ ಅಲ್ಲೇನು?" ಎಂದಳು ಕರೆದೊಯ್ಯಲು ಬಂದಿದ್ದ ನಾದಿನಿ. ಖರೆಯೇ ಆಗಿತ್ತು. ಅವಳ ಮನೆಯಲ್ಲಿ ಎರಡು ಕೋಣೆ, ಗೋಡೆಗೆ ಸುಣ್ಣ, ಕಿಟಕಿಗೆ ಪರದೆ. ಆ ದಿನ ಒಳಕೋಣೆಯ ಬಾಗಿಲು ಹಾಕಿಕೊಂಡು ನೆಮ್ಮದಿಯಾಗಿ ಸೀರೆ ಉಟ್ಟೆ. ಅಕ್ಕ ನೆನಪಾದಳು.

ಆದರೆ ಬೆಳಗಾದರೆ ನಾದಿನಿ ಗಾರ್ಮೆಂಟ್ಸ್ ಫ್ಯಾಕ್ಟರಿಗೆ, ಅವಳ ಗಂಡ ಪೀಣ್ಯಕ್ಕೆ. ಸಂಜೆಯವರೆಗೆ ನಾನು, ಮಗಳು, ನಾಲ್ಕು ಗೋಡೆ. ಬೀದಿಯಲ್ಲಿ ಎಲ್ಲ ಬಾಗಿಲುಗಳೂ ಮುಚ್ಚಿರುತ್ತಿದ್ದವು. ಕಾವೇರಿ ನೀರು ದಿನ ಬಿಟ್ಟು ದಿನ. ಮೇಲಿನ ಮನೆಯಲ್ಲಿ ಮಾಲೀಕಮ್ಮ ಒಬ್ಬರೇ ಇದ್ದರು. ಬಂದ ದಿನವೇ ಮೆಟ್ಟಿಲ ಮೇಲೆ ನಿಂತು, "ಎಷ್ಟು ದಿನ ಇರ್ತೀರಿ? ನೀರು ನೋಡಿಕೊಂಡು ಖರ್ಚು ಮಾಡಿ" ಎಂದು ಹೇಳಿ ಒಳಗೆ ಹೋಗಿದ್ದರು. ಭಾಷೆ ಬಾರದ ಮುಂಬೈಯಲ್ಲಿ ದಿನವಿಡೀ ಮಾತಾಡುತ್ತಿದ್ದ ನಾನು ನನ್ನದೇ ಭಾಷೆಯ ಊರಿನಲ್ಲಿ ಮೂಕಳಾದೆ. ಬಸ್ಸಿನಲ್ಲಿ "ಆಸ್ಪತ್ರಿ ಎಲ್ಲಿ ಬರ್ತೈತ್ರಿ?" ಎಂದರೆ ಪಕ್ಕದವರು, "ಹುಬ್ಬಳ್ಳಿಯವರಾ?" ಎನ್ನುತ್ತಿದ್ದರು. ಅಲ್ಲ, ಕೊಟ್ಟೂರು ಎಂದರೆ ತಲೆಯಾಡಿಸಿ ಕಿಟಕಿಯ ಕಡೆ ತಿರುಗುತ್ತಿದ್ದರು.

ಹೊಸ ಪ್ಲಾಸ್ಟರು ಹಾಕಿಸಿಕೊಂಡು ಬಂದ ಮಧ್ಯಾಹ್ನ ಮಗಳು ಒಂದೇ ಸಮನೆ ಅಳುತ್ತಿದ್ದಳು. ಬಾಗಿಲು ಬಡಿದ ಸದ್ದಾಯಿತು. ಮಾಲೀಕಮ್ಮ ನಿಂತಿದ್ದರು. ಬೈಯಲು ಬಂದಿದ್ದಾರೆಂದು ನಾನೇ ಮೊದಲು, "ತಪ್ಪಾತ್ರಿ, ಈಗ ಸುಮ್ನಾಗ್ತಾಳ" ಎಂದೆ.

"ಯಾಕೆ ಅಳ್ತಿದೆ ಮಗು?" ಎಂದು ಒಳಗೆ ಬಂದು ಪ್ಲಾಸ್ಟರು ಮುಟ್ಟಿ ನೋಡಿದರು. "ಇದಿನ್ನೂ ಹಸಿ ಇದೆ. ಥಂಡಿ ಆಗಿ ಅಳ್ತಿದೆ. ಮೇಲೆ ಬಿಸಿಲಿದೆ, ಬನ್ನಿ."

ಅವರು ಬಾಡಿಗೆಯವರಿಗೆ ಟೆರೇಸಿನ ಕೀಲಿ ಕೊಡುವುದಿಲ್ಲವೆಂದು ನಾದಿನಿ ಮೊದಲೇ ಎಚ್ಚರಿಸಿದ್ದಳು. ಅವತ್ತು ಅವರೇ ಬೀಗ ತೆಗೆದು, ಚಾಪೆ ಹಾಸಿ, ಮಗುವಿನ ತಲೆಗೆ ನೆರಳು ಬರುವಂತೆ ತಮ್ಮ ಸೀರೆಯೊಂದನ್ನು ತಂತಿಗೆ ಇಳಿಬಿಟ್ಟರು. ಬೆಂಗಳೂರಿನ ಬಿಸಿಲು ನಮ್ಮ ಊರಿನದರಂತೆ ಸುಡುವುದಿಲ್ಲ. ಪ್ಲಾಸ್ಟರು ಹದವಾಗಿ ಒಣಗಿತು, ಮಗಳು ನಿದ್ದೆ ಹೋದಳು. ಹೋಗುವಾಗ ಮಾಲೀಕಮ್ಮ ಕೀಲಿಯನ್ನು ನನ್ನ ಕೈಗಿಟ್ಟು, "ಇಟ್ಕೊಳ್ಳಿ" ಎಂದರು.

ಆಪರೇಷನ್ನಿನ ದಿನ ಬಂತು. ನನ್ನ ಗಂಡ ಊರಿನಿಂದ ಹೊರಟ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತು. ನಾದಿನಿಗೆ ಮಧ್ಯಾಹ್ನದವರೆಗೆ ರಜೆ ಸಿಗಲಿಲ್ಲ. ಬೆಳಿಗ್ಗೆ ಮಗಳನ್ನು ಎತ್ತಿಕೊಂಡು ನಾನೊಬ್ಬಳೇ ಗೇಟು ತೆರೆಯುವಾಗ ಮಾಲೀಕಮ್ಮ ಮೆಟ್ಟಿಲಿಳಿದು ಬಂದರು.

"ಜೊತೆಗೆ ಯಾರೂ ಇಲ್ವಾ?"

"ಬರ್ತಾರ್ರಿ, ಸ್ವಲ್ಪ ತಡ ಆಗ್ತೈತಿ."

"ಇರಿ" ಎಂದು ಮೇಲೆ ಹೋದರು. ಚಪ್ಪಲಿ ಮೆಟ್ಟಿ, ಮನೆಗೆ ಬೀಗ ಹಾಕಿ, ಟಿಫಿನ್ ಡಬ್ಬಿ ಹಿಡಿದು ಇಳಿದರು. ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕ ಕುಳಿತರು. ಮಗಳನ್ನು ಒಳಗೆ ಒಯ್ದಾಗ ನಾನು ಬಿಕ್ಕುತ್ತಿದ್ದರೆ ಅವರು ನನ್ನ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಒತ್ತಿ ಹಿಡಿದರು. ಡಾಕ್ಟರು ಹೊರಬಂದು "ಚೆನ್ನಾಗಿ ಆಯ್ತು" ಅನ್ನುವವರೆಗೂ ಹಿಡಿತ ಸಡಿಲಿಸಲಿಲ್ಲ. ಆಮೇಲೆ ಡಬ್ಬಿ ತೆಗೆದು, "ಈಗ ಮೊಸರನ್ನ ತಿನ್ನಿ" ಎಂದರು. ನನ್ನ ಗಂಡನೂ ನಾದಿನಿಯೂ ಓಡುತ್ತಾ ಬಂದಾಗ ನಾವಿಬ್ಬರೂ ಒಂದೇ ಡಬ್ಬಿಯಿಂದ ಉಣ್ಣುತ್ತಿದ್ದೆವು.

ಆ ವಾರ ನಾದಿನಿ ರಜೆ ಹಾಕಿ ಮನೆಯಲ್ಲಿದ್ದಳು. ಮಗಳ ತಲೆ ಸವರುತ್ತಾ ಕೇಳಿದಳು: "ಅಕ್ಕನ ಗ್ಯಾಲರ್ಯಾಗ ಮಂದಿ ಭಾಳ ಅದಾರಂತಲ್ಲ ಅತ್ತಿಗಿ? ಕರೆದ್ರ ಓಡಿ ಬರ್ತಾರಂತ?" ಹೌದೆಂದೆ. "ನನಗ ಇಲ್ಲಿ ಮಾತಾಡಾಕ ಭಾನುವಾರನ ಬರಬೇಕು. ನೀವು ಬಂದ ಮ್ಯಾಲೆ ಈ ಮನ್ಯಾಗ ದನಿ ಕೇಳಾಕತ್ತೈತಿ. ಬೊಂಬಾಯಿನ ಛಲೋ ಇತ್ತು ಅನಸ್ತೈತ್ರಿ ನನಗ." ಆಮೇಲೆ ಗಾಬರಿಯಾಗಿ, "ಅಕ್ಕಗ ಗೊತ್ತಾಗಬಾರದು!" ಎಂದಳು.

ಇಬ್ಬರ ಗುಟ್ಟುಗಳೂ ನನ್ನಲ್ಲೇ ಉಳಿದವು. ಊರಿಗೆ ಬಂದಾಗ ಯಾಕೆ ಅಷ್ಟು ಜೋರಾಗಿ ತಮ್ಮ ಊರನ್ನು ಹೊಗಳಿಕೊಳ್ಳುತ್ತಿದ್ದರು ಎಂದು ಆಗ ತಿಳಿಯಿತು. ತಾಯಿ ಕೊರಗಬಾರದಲ್ಲ.

ಪಾದ ಮತ್ತೆ ತಿರುಗದಂತೆ ಪಟ್ಟಿಯ ಬೂಟು ತೊಡಿಸಿಕೊಂಡು ಮಗಳನ್ನು ಕೊಟ್ಟೂರಿಗೆ ಕರೆತಂದೆವು. ಒಂದು ಸಂಜೆ ಅವಳಪ್ಪನ ಅಂಗಡಿಯಲ್ಲಿ, ಬಿಚ್ಚಿಟ್ಟ ಮೋಟಾರು ಹಿಡಿದು ನಿಂತಿದ್ದವಳು ಕೈ ಬಿಟ್ಟಳು. ಎಣ್ಣೆ ಕಲೆಯ ನೆಲದ ಮೇಲೆ ಎರಡೂ ಪಾದ ಊರಿ, ತೂರಾಡಿ, ಅಪ್ಪನ ಮೊಣಕಾಲಿಗೆ ಹೋಗಿ ಅಂಟಿಕೊಂಡಳು. ಅವರು ಕೈಯಲ್ಲಿದ್ದ ತಂತಿಯ ಸುರುಳಿಯನ್ನು ಹಾಗೇ ಬಿಟ್ಟುಬಿಟ್ಟರು.

ಇಬ್ಬರೂ ಎಸ್‌ಟಿಡಿ ಬೂತಿಗೆ ಓಡಿದೆವು. ಮೊದಲು ಮುಂಬೈ. ಅಕ್ಕನ ಮನೆಯಲ್ಲಿ ಫೋನಿರಲಿಲ್ಲ, ಗ್ಯಾಲರಿಯ ತುದಿಯ ಮನೆಯಲ್ಲಿತ್ತು. ಎತ್ತಿದವರಿಗೆ, "ಕೊಟ್ಟೂರವಾಲಿ" ಎಂದಷ್ಟೇ ಹೇಳಿದೆ. ಆ ಕಡೆ ಒಬ್ಬರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ ಕೂಗುವುದು ಕೇಳಿಸಿತು. ಅಕ್ಕ ಏದುಸಿರು ಬಿಡುತ್ತಾ ಬಂದಳು. ವಿಷಯ ಹೇಳಿದೆ. ಅವಳು ಅದನ್ನು ಹಿಂದಕ್ಕೆ ತಿರುಗಿ ಕೂಗಿದಳು. ಚಪ್ಪಾಳೆಯ ಸದ್ದು ನನ್ನ ಕಿವಿಯವರೆಗೂ ಬಂತು.

ಆಮೇಲೆ ಬೆಂಗಳೂರು. ಅಲ್ಲಿ ಫೋನಿದ್ದದ್ದು ಮಾಲೀಕಮ್ಮನ ಮನೆಯಲ್ಲಿ. "ನಾದಿನಿನ್ನ ಸ್ವಲ್ಪ ಕರೀತೀರೇನ್ರಿ?" ಎಂದೆ.

"ಕರೀತೀನಿ. ಮೊದಲು ನನಗೆ ಹೇಳಿ. ನಡೆದಳಾ?"

"ನಡದಾಳ್ರೀ."

ಆ ಕಡೆ ಮೂಗು ಏರಿಸಿದ ಸದ್ದು ಮಾತ್ರ ಕೇಳಿಸಿತು.

ಈಗ ಎರಡು ಸಾವಿರದ ಇಸವಿ ದಾಟಿದೆ. ಮಗಳು ಶಾಲೆಗೆ ಹೋಗುತ್ತಾಳೆ, ಓಣಿಯ ಮಕ್ಕಳ ಜೊತೆ ಕುಂಟೆಬಿಲ್ಲೆ ಆಡುತ್ತಾಳೆ. ನಾನು ಎರಡೂ ಕಡೆ ಇದ್ದು ಬಂದವಳೆಂದು ಓಣಿಯವರಿಗೆ ಗೊತ್ತು. ಮೊನ್ನೆ ಹೊಸಹಳ್ಳಿ ಕಡೆಯ ಒಬ್ಬಾಕೆ, ಗಂಡನಿಗೆ ಎರಡೂ ಊರುಗಳಲ್ಲಿ ಕೆಲಸ ಸಿಗುವಂತಿದೆ, ಯಾವುದಕ್ಕೆ ಹೋಗಲಿ ಎಂದು ಕೇಳಲು ಬಂದಿದ್ದಳು. ಅವಳನ್ನು ಕೂರಿಸಿಕೊಂಡು ನೀರು, ಬಾಡಿಗೆ, ಮಳೆ, ಬಸ್ಸು ಎಲ್ಲ ಬಿಡಿಸಿ ಹೇಳಿದೆ. ಮುಂಬೈಯಲ್ಲಿ ಜಾಗ ಸಿಗುವುದು ಕಷ್ಟ, ಜನ ಸಿಗುವುದು ಸುಲಭ. ಬೆಂಗಳೂರಿನಲ್ಲಿ ಮನೆ ಬೇಗ ಸಿಗುತ್ತದೆ, ಜನ ಸಿಗುವುದು ತಡ. ತಡವಾದರೂ ಸಿಗುತ್ತಾರೆ, ಹೆದರಬೇಡ ಎಂದೆ.

"ನಿಮಗ ಯಾವುದು ಸೇರಿತ್ರಿ ಅಕ್ಕಾರ?" ಎಂದಳು.

ಒಳಗಿದ್ದ ಮಗಳನ್ನು ಕೂಗಿದೆ. ಅವಳು ಬರಿಗಾಲಲ್ಲಿ ಓಡಿಬಂದು ಹೊಸಬಳ ಎದುರು ನಿಂತಳು. "ಅರ್ಧ ಬೊಂಬಾಯಿದಾಗ, ಅರ್ಧ ಬೆಂಗಳೂರಾಗ ನೆಟ್ಟಗಾದ ಕಾಲು. ಇಕೀ ಹೆಂಗ ಓಡ್ತಾಳ ನೋಡವಾ" ಎಂದು ಹೇಳಿ, ಇಬ್ಬರಿಗೂ ಚಹಾ ಇಡಲು ಎದ್ದೆ.